ಬಡಗಿ ಅಣ್ಣ ಮಲಗಿಸುತ್ತಿದ್ದ ಪೀಠ

ನಮ್ಮ ಕಟ್ಟಡದ ಬಡಗಿ ಅಣ್ಣ ಹೃದಯ ನಿಂತು ಸತ್ತರು ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಅವರನ್ನು ಕೊಂದದ್ದು ಮೆಟ್ಟಿಲು. ಚಳಿಗಾಲವಿಡೀ ಲಿಫ್ಟು ರಿಪೇರಿ ಮಾಡಿಸದ ಓನರು ಕೊಂದ ಅಂದರೂ ಸರಿಯೇ.

ಉಳಿ ತಾಗಿ ಅವರ ಹೆಬ್ಬೆರಳಿನ ಉಗುರು ಎರಡು ಸೀಳಾಗಿ ಬೆಳೆದಿತ್ತು. ವಯಸ್ಸು ತೊಂಬತ್ತರ ಹತ್ತಿರ. ಘಾನಾ ದೇಶದವರು, ಮಗಳ ಜೊತೆ ನಾಲ್ಕನೇ ಮಹಡಿಯಲ್ಲಿದ್ದರು. ನಾವು ಮೂರನೆಯದರಲ್ಲಿ. 2016ರಲ್ಲಿ, ನಾನು ಕೆನಡಾದ ಮಿಸಿಸಾಗಕ್ಕೆ ಬಂದ ಹೊಸದರಲ್ಲಿ, ಕೆಳಗೆ ಲಾಬಿಯಲ್ಲಿ ಅವರು ಕೂರುವ ಪುಟ್ಟ ಮರದ ಪೀಠ ಅಡ್ಡ ಬಿದ್ದಿತ್ತು. ಎತ್ತಿ ನಿಲ್ಲಿಸಿದೆ. ಅವರು ಬಂದು ಮಲಗಿಸಿದರು. ನಾನು ಮತ್ತೆ ಎತ್ತಿದೆ. ಅವರು ಮತ್ತೆ ಮಲಗಿಸಿದರು.

"ಈ ಮುದುಕಪ್ಪಂಗೆ ಏನೇ ಕಷ್ಟ, ನೆಟ್ಟಗಿರೋ ಮಣೆನ ಕೆಡವ್ತಾನೆ?" ಎಂದು ಜೊತೆಗಿದ್ದ ನನ್ನ ಮೊಮ್ಮಗಳನ್ನು ಕೇಳಿದೆ.

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳು ನನಗೆ ಕನ್ನಡದಲ್ಲಿ ತಿಳಿಸಿದಳು. ಅವರ ಕಡೆ ಎದ್ದವನು ಪೀಠ ಮಲಗಿಸಿ ಹೋಗಬೇಕಂತೆ. ನಿಂತಿದ್ದರೆ ಕೆಟ್ಟದ್ದು ಬಂದು ಕೂರುತ್ತದಂತೆ. ನನಗೆ ವಿಚಿತ್ರ ಅನ್ನಿಸಲಿಲ್ಲ. ನಮ್ಮಲ್ಲೂ ಉಂಡೆದ್ದ ಮೇಲೆ ಮಣೆಯನ್ನು ಗೋಡೆಗೆ ಒರಗಿಸುತ್ತೇವೆ. ಅಂದಿನಿಂದ ನಾನು ಅವರಿಗೆ ಸಿಸ್ಟರ್, ಅವರು ನನಗೆ ಅಣ್ಣ.

ಘಾನಾದಲ್ಲೂ ಬ್ರಿಟಿಷರಿದ್ದ ಕಾಲದಲ್ಲಿ ಅವರು ಸಾಹೇಬರ ಕುರ್ಚಿ, ಮೇಜು ಮಾಡುತ್ತಿದ್ದರು. ಒಬ್ಬ ಸಾಹೇಬ ಬಡಗಿಯೊಬ್ಬನನ್ನು ಬೂಟುಗಾಲಿನಲ್ಲಿ ಒದ್ದಾಗ ಎಲ್ಲರೂ ಕೆಲಸ ನಿಲ್ಲಿಸಿ ಉಳಿ ಕೆಳಗಿಟ್ಟರು. ಮಾತಾಡಲು ಇವರನ್ನು ಮುಂದೆ ತಳ್ಳಿದರು. ಜೈಲಾಯಿತು. ಹೊರಗೆ ಬಂದಾಗ ಜನ ಹೆಗಲ ಮೇಲೆ ಹೊತ್ತು ಮೆರೆಸಿ, ಓಟು ಹಾಕಿ, ಪಟ್ಟಣದ ಕೌನ್ಸಿಲಿಗೆ ಕಳಿಸಿದರು. ಅದೇ ಬಡಗಿಗಳು ಇನ್ನೊಮ್ಮೆ ಉಳಿ ಕೆಳಗಿಟ್ಟಾಗ, ಕೌನ್ಸಿಲಿನಲ್ಲಿ ಕೂತಿದ್ದ ಇವರು ಸುಮ್ಮನಿದ್ದರು. ಪೊಲೀಸರ ಲಾಠಿಗೆ ಗೆಳೆಯನ ಕಣ್ಣು ಹೋಯಿತು.

"ಆ ಕುರ್ಚಿನೂ ನಾನೇ ಮಾಡಿದ್ದು, ಸಿಸ್ಟರ್. ಏಳೋದು ಮರೆತೆ" ಎಂದರು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ತಪ್ಪೇ ಮಾಡಿದ್ರಿ ಅಣ್ಣ" ಅಂದೆ. ಮೊಮ್ಮಗಳು ಹಿಂದೆಮುಂದೆ ನೋಡಿದಳು. "ಹೇಳೇ, ಹಂಗೇ ಹೇಳು" ಅಂದೆ. ಅವರು ಕೇಳಿ ತಲೆಯಾಡಿಸಿದರು.

2018ರ ಚಳಿಯಲ್ಲಿ ಲಿಫ್ಟು ನಿಂತಿತು. ನನ್ನ ಮೊಣಕಾಲು ಕೇಳಲಿಲ್ಲ, ಮನೆಯಲ್ಲೇ ಉಳಿದೆ. ಅಣ್ಣ ಮಾತ್ರ ಲಿಫ್ಟು ಸರಿಮಾಡಿಸಿ ಎಂದು ದಿನಾ ಪೀಠ ಹಿಡಿದು ಇಳಿದು ಲಾಬಿಯಲ್ಲಿ ಕೂತರು. ಬಾಡಿಗೆಯವರೆಲ್ಲ ಸುತ್ತ ಸೇರತೊಡಗಿದರು. ಮ್ಯಾನೇಜರ್ ಬಂದು, ನಿಮಗೊಬ್ಬರಿಗೆ ಕೆಳಗಿನ ಮನೆ ಕೊಡುತ್ತೇನೆ, ಗುಂಪು ಕಟ್ಟುವುದು ಬಿಡಿ ಅಂದನಂತೆ. ಹತ್ತುವಾಗ ಪ್ರತಿ ತಿರುವಿನಲ್ಲೂ ಪೀಠ ಹಾಕಿ ಸುಧಾರಿಸಿಕೊಳ್ಳುತ್ತಿದ್ದ ಅವರು ನಮ್ಮ ಬಾಗಿಲಲ್ಲಿ ಟೀ ಕುಡಿಯುತ್ತಾ ಮೊಮ್ಮಗಳ ಬಾಯಲ್ಲಿ ಇದನ್ನು ಹೇಳಿಸಿದರು.

"ತಗೊಳ್ಳಿ ಅಣ್ಣ. ಈ ವಯಸ್ಸಲ್ಲಿ ಯಾವ ಓಟು ಬೇಕಾಗಿದೆ ನಿಮಗೆ?"

"ಅಂಥ ಕುರ್ಚಿ ಮೇಲೆ ಒಂದ್ಸಲ ಕೂತಿದೀನಿ. ಸಾಕು."

ಆ ವಾರವೇ ಒಂದು ಸಂಜೆ, ಕಾಲೇಜಿನಿಂದ ಬರುತ್ತಿದ್ದ ಮೊಮ್ಮಗಳು ನಮ್ಮ ಮಹಡಿಗಿಂತ ಒಂದು ತಿರುವು ಕೆಳಗೆ ಅವರನ್ನು ನೋಡಿದಳು. ಪೀಠದ ಮೇಲೆ ಕೂತು ಗೋಡೆಗೆ ಒರಗಿದ್ದರು. ಉಸಿರಿರಲಿಲ್ಲ. ಆಂಬುಲೆನ್ಸಿನವರು ಅವರನ್ನು ಒಯ್ದರು. ಪೀಠ ಅಲ್ಲೇ ನಿಂತಿತ್ತು.

ಮರುದಿನ ಬೆಳಿಗ್ಗೆ ಕಂಬಿ ಹಿಡಿದು ಇಳಿದು ಮೊದಲು ಅದನ್ನು ಮಲಗಿಸಿದೆ. ಹಿಂದೆ ಮೊಮ್ಮಗಳು ನಮ್ಮ ಅಡುಗೆಮನೆಯ ಪ್ಲಾಸ್ಟಿಕ್ ಸ್ಟೂಲು ಹೊತ್ತು ಬರುತ್ತಿದ್ದಳು.

"ಅಜ್ಜಿ, ಯು ಡೋಂಟ್ ಈವನ್ ಸ್ಪೀಕ್ ಇಂಗ್ಲಿಷ್."

"ಮಾತು ನೀನಾಡು. ಕೂರೋಳು ನಾನು" ಅಂದೆ. ಲಾಬಿಯಲ್ಲಿ, ಆ ಕೆಟ್ಟ ಲಿಫ್ಟಿನ ಬಾಗಿಲಿಗೆ ಎದುರಾಗಿ ಸ್ಟೂಲು ಹಾಕಿಸಿಕೊಂಡು ಕೂತೆ.