ಹೂಗಳ್ಳನ ಹೂನಡಿಗೆ

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಹೂಗಳ್ಳ. ಜಯನಗರದ ನಮ್ಮ ಬ್ಲಾಕಿನಲ್ಲಿ ಬೆಳಗಿನ ಐದೂವರೆಗೆ, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ತಂತಿಯ ಕೊಕ್ಕೆ ಕಟ್ಟಿದ ಕೋಲು ಹಿಡಿದು ವಾಕಿಂಗ್ ಹೊರಡುವ ನಿವೃತ್ತರನ್ನು ನೀವು ನೋಡಿದ್ದರೆ, ಅವರಲ್ಲಿ ಒಬ್ಬ ನಾನೇ ಇರಬಹುದು. ಕಾಂಪೌಂಡಿನಿಂದ ಆಚೆ ಬಾಗಿದ ಹೂ ರಸ್ತೆಯದು, ರಸ್ತೆ ಸಾರ್ವಜನಿಕರದು, ಸಾರ್ವಜನಿಕರಲ್ಲಿ ನಾನೂ ಒಬ್ಬ. ಇದು ನಮ್ಮ ಶಾಸ್ತ್ರ. ಒಳಗಿರುವ ಹೂವಿಗೂ ಪರಿಹಾರವಿದೆ: ದೇವರಿಗೆ ಕದ್ದರೆ ಕಳವಲ್ಲ. ಈ ಮಾತನ್ನು ಯಾವ ಋಷಿ ಹೇಳಿದನೋ ಗೊತ್ತಿಲ್ಲ. ಅವನ ಆಶ್ರಮದಲ್ಲಿ ದಾಸವಾಳದ ಗಿಡ ಇರಲಿಲ್ಲ ಎನ್ನುವುದು ಮಾತ್ರ ಖಾತ್ರಿ.

ಇಂಥ ನನ್ನ ಹೆಸರನ್ನು ನನ್ನ ಹೆಂಡತಿ ವಿಮಲ ಕಾಡುಹೂಗಳ ನಡಿಗೆಗೆ ಬರೆಸಿದಳು. ಯುಗಾದಿ ಕಳೆದ ಮೇಲಿನ ಭಾನುವಾರ, ಉತ್ತರಹಳ್ಳಿಯ ಆಚೆಗಿನ ಒಂದು ಹಳ್ಳದಲ್ಲಿ. ಎರಡು ಲೇಔಟುಗಳ ನಡುವೆ, ಸೈಟು ಮಾಡಲಾಗದಷ್ಟು ಕಡಿದಾಗಿದೆ ಎಂಬ ಒಂದೇ ಪುಣ್ಯದಿಂದ ಇಲ್ಲಿಯವರೆಗೆ ಉಳಿದುಕೊಂಡ ಕೊರಕಲು ಅದು. "ಬರೀ ಕೀಳೋದು ಕಲ್ತಿದ್ದೀರಿ, ಒಂದ್ಸಲ ನೋಡೋದೂ ಕಲ್ತ್ಕೊಳ್ಳಿ," ಅಂದಳು. ಕದ್ದ ಹೂವನ್ನೆಲ್ಲ ದೇವರಿಗೆ ಏರಿಸುವವಳು ಅವಳೇ ಎಂದು ನಾನು ನೆನಪಿಸಲಿಲ್ಲ. ಕಾಫಿ ಇನ್ನೂ ಬಂದಿರಲಿಲ್ಲ.

ನಾವು ಹನ್ನೆರಡು ಜನ ಸೇರಿದ್ದೆವು. ಹಸಿರು ಟೋಪಿ, ಹತ್ತು ಜೇಬಿನ ಪ್ಯಾಂಟು, ಮೊಳದುದ್ದದ ಕ್ಯಾಮೆರಾ. ಸಿದ್ಧತೆಯೆಲ್ಲ ಹಿಮಾಲಯ ಹತ್ತುವುದಕ್ಕೆ, ಇಳಿಯಬೇಕಾದದ್ದು ಹದಿನೈದು ಅಡಿ. ಕರೆದೊಯ್ಯುವವರು ಮೇಘನಾ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಹುಡುಗಿ. "ಒಂದೇ ರೂಲು. ಯಾರೂ ಏನೂ ಕೀಳ್ಬಾರ್ದು," ಎಂದರು. ಎಲ್ಲರೂ ಆಯ್ತು ಎಂದರು. ನನ್ನ ಆಯ್ತು ಎಲ್ಲರದಕ್ಕಿಂತ ಜೋರಾಗಿತ್ತು.

ಮೊದಲು ಸಿಕ್ಕಿದ್ದು ತುಂಬೆ. ಮೇಘನಾ ಅದರ ಲ್ಯಾಟಿನ್ ಹೆಸರು ಹೇಳಿದ್ದೇ ತಡ, ಎಲ್ಲರೂ ಮಂಡಿಯೂರಿದರು. ತುಂಬೆ ಏರಿಸಿಕೊಳ್ಳುವ ಶಿವನ ಮುಂದೆಯೂ ಇಷ್ಟು ಜನ ಒಟ್ಟಿಗೆ ಮಂಡಿಯೂರಿದ್ದನ್ನು ನಾನು ಕಂಡಿಲ್ಲ. ಹೋದ ವಾರವಷ್ಟೇ ಆಳು ಹಿಡಿದು ಮನೆ ಮುಂದಿನ ಕಳೆ ಕೀಳಿಸಿದೆ ಎಂದು ದಾರಿಯಲ್ಲಿ ಹೇಳಿಕೊಂಡು ಬಂದ ಯಡಿಯೂರಿನವರೊಬ್ಬರು, "ಸಖತ್ತಾಗಿದೆ, ಇದು ನಮ್ ಕಡೆ ಬೆಳೆಯಲ್ವಾ ಮೇಡಂ?" ಎಂದು ಕೇಳಿದರು. ಮನೆ ಮುಂದೆ ಬೆಳೆದರೆ ಕಳೆ, ಹೆಸರು ಬರೆಸಿ ನೋಡಲು ಹೋದರೆ ಕಾಡುಹೂ.

ಹಳ್ಳದ ಕೊನೆಯಲ್ಲಿ, ಬಂಡೆಯ ಸೀಳಿನಿಂದ ಎದ್ದ ಗೇಣುದ್ದದ ದಂಟಿನ ಮೇಲೆ ಒಂದೇ ಒಂದು ಬಿಳಿ ಹೂವಿತ್ತು. ಮೇಘನಾ ದನಿ ತಗ್ಗಿಸಿದರು. "ಈ ಹಳ್ಳದಲ್ಲಿ ಉಳಿದಿರೋದು ಇದೊಂದೇ. ಗೆಡ್ಡೆ ಬಂಡೆ ಒಳಗಿದೆ, ತೆಗೆಯೋಕಾಗಲ್ಲ. ಮಳೆಗಾಲ ಮುಗಿದ್ಮೇಲೆ ಇಲ್ಲೆಲ್ಲ ಮಣ್ಣು ತುಂಬ್ತಾರಂತೆ. ಅಷ್ಟರೊಳಗೆ ಬೀಜ ಸಿಕ್ಕಿದ್ರೆ ಬೇರೆ ಕಡೆ ಬೆಳೆಸ್ಬಹುದು. ಎರಡು ವರ್ಷದಿಂದ ಇದು ಹೂ ಬಿಡ್ಲಿ ಅಂತ ಕಾಯ್ತಿದ್ದೆ."

ಒಬ್ಬೊಬ್ಬರಾಗಿ ಫೋಟೊ ತೆಗೆದು ಮುಂದೆ ಹೋದರು. ನನ್ನ ಸರದಿ ಕೊನೆಯದು. ಬಗ್ಗಿದೆ. ಬೆಳಗಿನ ಹೊತ್ತು, ಬಿಳಿ ಹೂ, ಹಿಂದೆ ಯಾರೂ ಇಲ್ಲ. ಆಮೇಲೆ ಆದದ್ದು ನಾನು ಮಾಡಿದ್ದಲ್ಲ, ಇಪ್ಪತ್ತು ವರ್ಷದ ಅಭ್ಯಾಸ ಮಾಡಿದ್ದು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಹೆಬ್ಬೆರಳಿನ ಉಗುರು ದಂಟಿಗೆ ತಾಗಿದ್ದಷ್ಟೇ ಗೊತ್ತು, ಹೂ ಅಂಗಿಯ ಜೇಬಿನಲ್ಲಿತ್ತು.

ಮೇಘನಾ ತಿರುಗಿ ನೋಡಿದರು. "ಸಾರ್, ಹೂ?"

ಮೇಕೆ, ಮಿಡತೆ, ಗಾಳಿ, ಮೂರೂ ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದವು. ಆದರೆ ಜೇಬಿನಿಂದ ಒಂದು ಎಸಳು ಹೊರಗೆ ಇಣುಕುತ್ತಿತ್ತು. ತೆಗೆದು ಕೊಟ್ಟೆ. "ಕೈ ಅಭ್ಯಾಸ ಕಣಮ್ಮಾ, ತಪ್ಪಾಯ್ತು," ಎಂದೆ. ಅವರು ಬಗ್ಗಿ, ಹೂವನ್ನು ಮುರಿದ ದಂಟಿನ ತುದಿಗೆ ಒಮ್ಮೆ ಹೊಂದಿಸಿ ನೋಡಿದರು, ಅಂಟಿಕೊಂಡರೂ ಅಂಟಿಕೊಂಡೀತು ಎನ್ನುವ ಹಾಗೆ. ಸಸ್ಯಶಾಸ್ತ್ರ ಓದಿಕೊಂಡವರು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷದಲ್ಲಿ, ಹೂ ಕಳೆದುಕೊಂಡವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ, ನಾನು ತಪ್ಪದೆ ಕೀಳುವ ಮನೆಯೊಂದರ ಮುಂದೆ ನಿಂತು ಧೈರ್ಯ ಮಾಡಿ ಬೆಲ್ ಒತ್ತಿದೆ. ನಿದ್ದೆಗಣ್ಣಿನ ಹೆಂಗಸೊಬ್ಬರು ಬಾಗಿಲು ತೆರೆದರು.

"ದೇವರಿಗೆ ಎರಡು ಹೂ ಕಿತ್ಕೊಳ್ಳಲಾ ಮೇಡಂ?"

"ಇವತ್ತೇನ್ ಅಂಕಲ್, ಹೊಸದಾಗಿ ಕೇಳ್ತಿದ್ದೀರಿ?" ಎಂದರು. "ದಿನಾ ಕಿಟಕೀಲಿ ನೋಡ್ತಾನೇ ಇರ್ತೀನಲ್ಲ. ನಮ್ಮತ್ತೆ ಇದ್ದಾಗ ಹೇಳ್ತಿದ್ರು, ಪಾಪ ಹಿರಿಯರು, ಎದುರಿಗೆ ಹೋದ್ರೆ ನಾಚ್ಕೋತಾರೆ, ಅವರು ಹೋಗೋವರ್ಗೂ ಬಾಗಿಲು ತೆಗೀಬೇಡ ಅಂತ. ಕಿತ್ಕೊಳ್ಳಿ."

ಕಿತ್ತುಕೊಂಡೆ. ಎಣಿಸಿ ಎರಡೇ. ಕದಿಯುವಾಗ ಒಂದು ದಿನವೂ ಎಣಿಸಿರಲಿಲ್ಲ.