ತಿರುವು ದಾಟಿ ಗೇಟಿನವರೆಗೆ

ಬೆಳಗಿನ ಐದಕ್ಕೆ ಬಾಯ್ಲರ್ ಹೊತ್ತಿಕೊಳ್ಳಬೇಕು. ಬಳಿಕ ಉಗಿ ಏರಬೇಕು. ಆರಕ್ಕೆ ಒಗೆದ ಚಾದರಗಳು ಇಸ್ತ್ರಿಯ ಉರುಳೆಯೊಳಗೆ ಹೋಗಬೇಕು. ಲಾಂಡ್ರಿಯ ಕೆಲಸ ಸಾಗುವುದು ಈ ಕ್ರಮದಲ್ಲಿ. ಈ ಮಂಗಳವಾರ ಐದೂಕಾಲಾದರೂ ಚಿಮಣಿಯಲ್ಲಿ ಹೊಗೆಯಿಲ್ಲ. ಬಸ್ ನಿಲ್ದಾಣದ ತಿರುವಿನಲ್ಲಿ ನಿಂತ ದೊಡ್ಡಕ್ಕನಿಗೆ ಅಷ್ಟು ಸಾಕು: ಪಾಳಿ ರದ್ದಾಗಿದೆ.

ಹೋಟೆಲುಗಳ ಹಾಸುಬಟ್ಟೆ ಒಗೆಯುವ ಈ ಲಾಂಡ್ರಿಯಲ್ಲಿ, ಬಿಸಿ ಉರುಳೆಯಿಂದ ಹೊರಬರುವ ಚಾದರದ ಒಂದು ತುದಿ ಹಿಡಿಯುವವರು ದೊಡ್ಡಕ್ಕ; ಇನ್ನೊಂದು ತುದಿ ಅವರ ನಾದಿನಿಯದು. ಇಬ್ಬರೂ ಒಂದೇ ಉಸಿರಿಗೆ ಎಳೆದು, ಕೊಡವಿ, ಮಡಚಿ ಪೇರಿಸುತ್ತಾರೆ. ಪಾಳಿಗೆ ಸುಮಾರು ಆರುನೂರು ಚಾದರ. ಸುಟ್ಟು ಸುಟ್ಟು ಬೆರಳ ತುದಿ ನುಣುಪಾಗಿದೆ. "ಮೊಬೈಲು ನನ್ನ ಬೆರಳನ್ನ ಗುರುತೇ ಹಿಡಿಯಲ್ಲ. ಮಕ್ಕಳು ಹಿಡೀತಾರಲ್ಲ, ಸಾಕು" ಎಂದು ನಗುತ್ತಾರೆ.

ಹೋಟೆಲುಗಳಿಗೆ ಜನ ಬಾರದ ದಿನ ಮಾಲೀಕರು ಬಾಯ್ಲರ್ ಹಚ್ಚಿಸುವುದಿಲ್ಲ. ಮೊದಲೇ ಹೇಳುವುದೂ ಇಲ್ಲ. ಮುಚ್ಚಿದ ಗೇಟಿನೆದುರು ನಿಂತು, ಅಂಗಡಿ ಸಾಲಿನವರ ಕಣ್ಣೆದುರೇ ಬರಿಗೈಯಲ್ಲಿ ತಿರುಗುವುದು ಹೆಂಗಸರಿಗೆ ತಲೆ ಎತ್ತಲಾಗದಂಥ ಅವಮಾನ. ಅದನ್ನು ತಪ್ಪಿಸಲೆಂದೇ ದೊಡ್ಡಕ್ಕ ಮೊದಲ ಬಸ್ಸಿಗೆ ಬಂದು ಚಿಮಣಿ ನೋಡುವ ರೂಢಿ ಮಾಡಿಕೊಂಡರು. ಹೊಗೆಯಿಲ್ಲದಿದ್ದರೆ ಉಳಿದ ಹತ್ತು ಮಂದಿಯನ್ನೂ ತಿರುವಿನಲ್ಲೇ ತಡೆದು ಹಿಂದೆ ಕಳುಹಿಸುತ್ತಿದ್ದರು. ಏಳು ವರ್ಷ ಹೀಗೇ ನಡೆಯಿತು. ಅತ್ತೆಯ ಪ್ರಶ್ನೆಗೆ ಹೆದರಿ ಸಂಜೆಯವರೆಗೆ ಉದ್ಯಾನದ ಬೆಂಚಿನಲ್ಲಿ ಕೂತವರೂ, ದೊಡ್ಡಕ್ಕ ಮಾನ ಉಳಿಸಿದರು ಎನ್ನುತ್ತಿದ್ದರು.

ಕಳೆದ ತಿಂಗಳು ಕಾರ್ಮಿಕ ಕಚೇರಿಯ ಅಧಿಕಾರಿಣಿ ಬಂದು ನಿಯಮ ವಿವರಿಸಿದರು: ಸೂಚನೆಯಿಲ್ಲದೆ ಪಾಳಿ ರದ್ದಾದರೆ, ಗೇಟಿಗೆ ಬಂದು ಹಾಜರಿ ಹಾಕಿದವರಿಗೆ ಅರ್ಧ ದಿನದ ಕೂಲಿ ಸಲ್ಲಬೇಕು.

"ಆದ್ರೆ ನೀವ್ಯಾರೂ ಒಂದಿನಾನೂ ಗೇಟಿಗೆ ಬಂದೇ ಇಲ್ವಲ್ಲಮ್ಮ?"

"ಒಬ್ಬಳಾದ್ರೂ ನನ್ನ ಬೈದಿದ್ರೆ ಹಗುರಾಗ್ತಿತ್ತು" ಎನ್ನುತ್ತಾರೆ ದೊಡ್ಡಕ್ಕ. "ಮಕ್ಕಳ ಹಾಲಿನ ದುಡ್ಡು ಅದು. ನಾನೇ ಅಡ್ಡ ನಿಂತು ತಪ್ಪಿಸ್ದೆ. ಅವರೋ, ನನಗೇ ಕೈ ಮುಗೀತಿದ್ರು."

ಈ ಮಂಗಳವಾರ, ಉಳಿದ ಹತ್ತು ಮಂದಿಯನ್ನು ಹೊತ್ತ ಎರಡನೆಯ ಬಸ್ಸು ತಿರುವಿಗೆ ಬಂದು ನಿಲ್ಲುತ್ತದೆ.

"ಏನ್ ಅತ್ತಿಗೆ, ವಾಪಸ್ಸಾ?" ನಾದಿನಿ ಮೆಟ್ಟಿಲಿನಿಂದಲೇ ಕೇಳುತ್ತಾರೆ.

"ಇಳಿಯೇ. ಗೇಟಿಗೆ ಹೋಗೋಣ."

"ಹಾಕಿರೋ ಗೇಟಿಗಾ? ಅಂಗಡಿಯೋರಿಗೆ ಬಿಟ್ಟಿ ನಾಟಕ! ನಾಚಿಕೆ ಆಗಲ್ವಾ?"

"ಆಗತ್ತೆ. ನೀನು ನನ್ನ ಬೆನ್ನ ಹಿಂದೆ ಬಾ. ನೋಡೋರು ನನ್ನನ್ನೇ ನೋಡ್ಲಿ."

ಗೇಟಿನಲ್ಲಿ ಕಾವಲುಗಾರ ಕೈ ಬೀಸುತ್ತಾನೆ. "ಇವತ್ತು ಕೆಲಸ ಇಲ್ಲ, ಹೋಗ್ರಮ್ಮ. ಹೊಗೆ ಇಲ್ಲ ಅಂತ ಕಾಣ್ಲಿಲ್ವಾ?"

"ಅದನ್ನ ನಿನ್ನೇನೇ ಹೇಳ್ಬೇಕಿತ್ತಣ್ಣ. ಬಂದಿದೀವಿ, ಹಾಜರಿ ಬರ್ಕೊಳ್ಳಿ."

ದೊಡ್ಡಕ್ಕ ಗೇಟಿನ ಸರಳು ಹಿಡಿದು ನಿಲ್ಲುತ್ತಾರೆ. ಅಂಗಡಿಯ ಬಾಗಿಲುಗಳಲ್ಲಿ ಮುಖಗಳು ಮೂಡುತ್ತವೆ. ದೊಡ್ಡಕ್ಕ ತಲೆ ಎತ್ತುವುದಿಲ್ಲ, ಕದಲುವುದೂ ಇಲ್ಲ. ಕೊನೆಗೆ ಕಾವಲುಗಾರ ಒಳಗೆ ಫೋನ್ ಮಾಡಿ, ಒಬ್ಬೊಬ್ಬರದೇ ಹಾಜರಿ ಹಾಕಿಕೊಳ್ಳುತ್ತಾನೆ.

"ಹಳೇ ದಿನಗಳದ್ದನ್ನ ನನ್ನ ಕೂಲೀಲಿ ಹಿಡ್ಕೊಂಡು ಇವರಿಗೆ ಕೊಡಿ ಅಂತ ಆ ಕಚೇರಿ ಮೇಡಂನ ಕೇಳ್ದೆ" ಎನ್ನುತ್ತಾರೆ ದೊಡ್ಡಕ್ಕ ಮರಳುವಾಗ. "ಹಾಗೆಲ್ಲ ಆಗಲ್ವಂತೆ."

ಶನಿವಾರದ ಬಟವಾಡೆಯಲ್ಲಿ ಹನ್ನೊಂದು ಮಂದಿಗೂ ಮಂಗಳವಾರದ ಅರ್ಧ ದಿನದ ಕೂಲಿ ಸಂದಿತು. ಹಿಂದಿನ ಏಳು ವರ್ಷಗಳದ್ದು ಯಾರಿಗೂ ಸಿಗಲಿಲ್ಲ.