ಎಡಗಡೆಯ ಬ್ರೇಕು

ಮೊನ್ನೆ ಪದ್ಮನಾಭನಗರದ ಗ್ಯಾರೇಜಿನಲ್ಲಿ ನಮ್ಮ ಕಾರಿಗೆ ಬ್ರೇಕ್ ಆಯಿಲ್ ಹಾಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜಯನಗರದ ನಮ್ಮ ಹಳೇ ಮನೆಯ ಎದುರಿಗಿದ್ದ ಮೇಷ್ಟ್ರ ಮಗ ನೆನಪಾದರು...

ಎಂಬತ್ತರ ದಶಕದ ಆರಂಭ. ನಾನು ಡಿಗ್ರಿ ಮುಗಿಸಿ ಗಂಡು ಬರುವುದನ್ನು ಕಾಯುತ್ತಿದ್ದೆ. ಅಂದರೆ ಅಪ್ಪ ಕಾಯುತ್ತಿದ್ದರು. ಮೇಷ್ಟ್ರ ಮಗ ಕಾರ್ಖಾನೆಯಿಂದ ಬಂದವರೇ, ತಮ್ಮ ಕಾಂಪೌಂಡಿನಲ್ಲಿ, ಗುಜರಿ ಕಾರುಗಳ ಭಾಗಗಳಿಂದ ತಾವೇ ಕಟ್ಟಿದ್ದ ಬಗ್ಗಿ ಎಂಬ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದರು. ಬಾಗಿಲಿಲ್ಲ, ಮೇಲ್ಛಾವಣಿಯಿಲ್ಲ, ಬರೀ ಕಬ್ಬಿಣದ ಪೈಪು. ಬೀದಿಯವರೆಲ್ಲ ಅದನ್ನು ಮಂಚ ಎನ್ನುತ್ತಿದ್ದರು. ಕೆಸರಿನ ರೇಸಿಗೆಂದು ಮಾಡಿದ್ದು. ಕೆಸರಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲವಂತೆ. ಅದಕ್ಕೆ ಹಿಂದಿನ ಎರಡು ಚಕ್ರಕ್ಕೂ ಬೇರೆಬೇರೆ ಬ್ರೇಕ್ ಲಿವರ್. ಎಡಗಡೆಯದನ್ನು ಎಳೆದರೆ ಆ ಚಕ್ರ ನಿಂತು ಗಾಡಿ ಎಡಕ್ಕೆ ತಿರುಗಬೇಕು. ತಿರುಗುತ್ತಿರಲಿಲ್ಲ. ಬಲಗಡೆಯದು ಸರಿಯಾಗಿತ್ತು, ಎಡಗಡೆಯದು ಮಾತ್ರ ನೆನೆದ ಅವಲಕ್ಕಿಯಂತೆ ಮೆತ್ತಗೆ.

ಬ್ರೇಕ್ ಆಯಿಲ್ ಹರಿಯುವ ಪೈಪಿನೊಳಗೆ ಗಾಳಿ ಸೇರಿದೆ, ತೆಗೆಯಲು ಇಬ್ಬರು ಬೇಕು ಎಂದರು. ಅವರಮ್ಮ ನಮ್ಮಮ್ಮನನ್ನು ಕೇಳಿ ನನ್ನನ್ನು ಕರೆಸಿದರು. ನಾನು ಸೀಟಿನಲ್ಲಿ ಕೂತು ಲಿವರ್ ಎಳೆದು ಹಿಡಿಯಬೇಕು. ಅವರು ಚಕ್ರದ ಹಿಂದಿನ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು.

"ಎಳೀರಿ... ಹಿಡ್ಕೊಳ್ಳಿ... ಬಿಡಿ."

ದಿನಾ ಸಂಜೆ ನಮ್ಮ ಮಾತುಕತೆ ಇಷ್ಟೇ. ಇಷ್ಟಕ್ಕೇ ನಾನು ಮಧ್ಯಾಹ್ನದಿಂದ ಜಡೆ ಹಾಕಿಕೊಂಡು ಕಾಯುತ್ತಿದ್ದೆ. ಅಮ್ಮ ನಮ್ಮ ಗೇಟಿನ ಬಳಿ ಹೂ ಕಟ್ಟುತ್ತಾ ಕಾವಲು. ಆ ಗಾಳಿ ಹೋಗದಿರಲಪ್ಪಾ ಎಂದು ಗಣಪತಿಯಲ್ಲಿ ಬೇಡಿಕೊಂಡದ್ದೂ ಉಂಟು.

ಆದರೆ ಬಾಯಿ ಸುಮ್ಮನಿರಬೇಕಲ್ಲ. ಒಂದು ಸಂಜೆ ಇಳಿದು ಎರಡೂ ಚಕ್ರಗಳ ಹಿಂದೆ ಇಣುಕಿದವಳು, "ಆ ಕಡೆ ಸ್ಕ್ರೂ ಮೇಲಿದೆ, ಈ ಕಡೆದು ಯಾಕ್ರೀ ಕೆಳಗಿದೆ?" ಎಂದುಬಿಟ್ಟೆ. ಅವರು ಹಣೆ ಚಚ್ಚಿಕೊಂಡರು. ಗುಜರಿಯಿಂದ ತಂದಿದ್ದ ಎರಡೂ ಬ್ರೇಕ್ ಸಿಲಿಂಡರುಗಳು ಬಲಗಡೆಯವೇ. ಎಡಕ್ಕೆ ಹಾಕಿದ್ದು ತಲೆಕೆಳಗಾಗಿ ಕೂತಿತ್ತು. ಸ್ಕ್ರೂ ಕೆಳಗೆ, ಗಾಳಿ ಮೇಲೆ; ಹೊರಗೆ ಹೋಗುವುದು ಹೇಗೆ? ಮರುದಿನ ಎಡಗಡೆಯದನ್ನೇ ಹುಡುಕಿ ತಂದು ಹಾಕಿದರು. ನಾನು ಕೊನೆಯ ಸಲ ಎಳೆದು ಹಿಡಿದೆ. ಲಿವರ್ ಬಿಗಿಯಾಯಿತು.

ಪಕ್ಕದ ಖಾಲಿ ಸೈಟಿನಲ್ಲಿ ಗಾಡಿ ಗಿರ್ರನೆ ಎಡಕ್ಕೆ ತಿರುಗಿತು. ಇಳಿದು ಬಂದು ನಗುತ್ತಾ ಹೇಳಿದರು, "ನಿಮ್ಮಿಂದ್ಲೇ ಸರಿ ಹೋಯ್ತು ರೀ. ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ."

ನಾನು ತಲೆಯಾಡಿಸಿ ಮನೆಗೆ ಬಂದೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಆ ಕಾರ್ತಿಕದಲ್ಲೇ ಅಪ್ಪ ನೋಡಿದ ಗಂಡಿನೊಂದಿಗೆ ಮದುವೆ ನಿಶ್ಚಯವಾಯಿತು. ಒಳ್ಳೆಯ ಮನೆ, ಒಳ್ಳೆಯ ಮನುಷ್ಯ, ದೂರುವಂಥದ್ದೇನೂ ಇಲ್ಲ.

ಮೇಷ್ಟ್ರ ಮಗ ತೀರಿಕೊಂಡು ಕೆಲವು ವರ್ಷಗಳೇ ಆದವಂತೆ. ತಿಲಕ್ ನಗರದಲ್ಲಿರುವ ನನ್ನ ತಂಗಿ ಈಚೆಗೆ ಯಾವುದೋ ಮಾತಿನ ನಡುವೆ ಹೇಳಿದಳು. ಸಂಜೆ ಸುಮ್ಮನೆ ಕೂತಾಗ ಆ ಕಾಂಪೌಂಡಿಗೆ ಹೋಗಬೇಕು ಅನ್ನಿಸುತ್ತದೆ... ನನಗೆ ತೊಂದರೆಯೇನೂ ಆಗಿರಲಿಲ್ಲ ಎಂದು ಅವರಿಗೆ ಹೇಳಬೇಕಿತ್ತು.